ಕೈ ಹಚ್ಚಿದ ಚೀಲ

ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚಿದ ಕೂಡ್ಲೆ ಒಳಗಿನ ಮಾಲು ಎಂಥಾದ್ದಂತ ನನ್ನ ಮೂಗು ಹೇಳ್ತೈತಿ. ಬ್ಯಾಡಗಿ ಪ್ಯಾಟಿಯೊಳಗ ನಲವತ್ತು ವರ್ಷ ತುಂಬು ಬಿಡಿಸಿದಾಕಿ ನಾನು. ತುಂಬು ಅಂದ್ರ ಕಾಯಿಯ ತೊಟ್ಟು. ಎಡಗೈಯಾಗ ಕಾಯಿ, ಬಲಗೈ ಹೆಬ್ಬೆರಳಿನಿಂದ ತೊಟ್ಟಿನ ಬುಡಕ್ಕ ಒಂದು ಒತ್ತು, ಒಂದು ತಿರುವು. ಕಾಯಿ ಸೀಳಬಾರದು, ಬೀಜ ಉದುರಬಾರದು. ಸಾಲಿ ಮೂರನೇ ಇಯತ್ತೆಗೆ ಬಿಟ್ಟೆ. ಈ ಕೆಲಸ ಮಾತ್ರ ಮೊಣಕಾಲು ಸೋಲೂ ತನಕ ಬಿಡಲಿಲ್ಲ.

ಇಂಥಾ ನನ್ನನ್ನ ಒಬ್ಬ ವಕೀಲರು ದೊಡ್ಡ ಸಾಹೇಬರ ಮುಂದ ನಿಲ್ಲಿಸಿ, "ಇವರು ಈ ಕೆಲಸದ ಪರಿಣತರು, ಇವರ ಸಾಕ್ಷಿ ತಗೋರಿ" ಅಂದ್ರು. ಆ ವಕೀಲರು ಬ್ಯಾರೆ ಯಾರೂ ಅಲ್ಲ, ನನ್ನ ಮಗಳ ಮಗಳು! ಆಕಿ ಕೊಟ್ಟ ಆ ಮರ್ಯಾದಿ ನಾನು ಹೆಂಗ ಒಂದೇ ದಿನದಾಗ ಮಣ್ಣುಪಾಲು ಮಾಡಿದೆ, ಅದು ಹೆಂಗ ಅದೇ ದಿನ ತಿರುಗಿ ಬಂತು ಅನ್ನೋದನ್ನ ಹೇಳಬೇಕು. ಹೇಳದಿದ್ರ ಎದಿ ಒಡೆದೀತು, ಅಷ್ಟು ಸಂತೋಷ ತುಂಬೇತಿ ಒಳಗ.

ಕೇಸು ನನ್ನದಲ್ಲ, ಆಪಾಂದು. ತುಂಬು ಬಿಡಿಸೂ ಶೆಡ್ಡಿನಾಗ ನನ್ನ ಮಗ್ಗಲಕ್ಕ ಕುಂದ್ರತಿದ್ದ ಹೆಣ್ಮಗಳು. ನನಗಿಂತ ಇಪ್ಪತ್ತು ವರ್ಷ ಸಣ್ಣಾಕಿ, ಆದ್ರ ಎಲ್ಲಾರೂ ಆಪಾ, ಅಂದ್ರ ಅಕ್ಕ, ಅಂತಿದ್ರು, ನಾನೂ ಆಪಾ ಅಂತೇನಿ. ಆಕಿಯ ಕಣ್ಣು ಒಮ್ಮೆಲೆ ಹೋದದ್ದಲ್ಲ. ಮೊದ್ಲ ಬಾಜೂದ್ದು ಕಾಣಲಿಲ್ಲ, ಆಮ್ಯಾಲೆ ನಡುವಿಂದೂ ಮಬ್ಬಾಯ್ತು, ಕಡೀಕ ಬೆಳಕು ಕತ್ತಲಿ ಇಷ್ಟ ಉಳೀತು. ಗಂಡ ತೀರಿಕೊಂಡು ಭಾಳ ದಿನ ಆಗಿತ್ತು. ಮಗಳು ಹಾವೇರಿಯೊಳಗ ನರ್ಸಿಂಗ್ ಕಲಿಯಾಕ ಹತ್ತಿದ್ಲು. ಕಣ್ಣು ಪೂರ್ತಿ ಹೋದ ಮ್ಯಾಲೂ ಆಪಾ ಎರಡು ವರ್ಷ ತುಂಬು ಬಿಡಿಸಿದ್ಲು. ಶೆಡ್ಡಿನ ಸಾವಕಾರ್ರಿಗೆ ಗೊತ್ತಾಗಲಿಲ್ಲ, ಯಾಕಂದ್ರ ಕೈ ನಿಂತಿರಲಿಲ್ಲ.

ಒಂದ್ಸಲ ಪರ ಊರಿಗೆ ಹೋದ ಮಾಲು, ಬಿಳಿಗಾಯಿ ಬೆರಕಿ ಆಗೇತಿ ಅಂತ ತಿರುಗಿ ಬಂತು. ಬಿಳಿಗಾಯಿ ಅಂದ್ರ ಬಣ್ಣ ಸುಟ್ಟು ಬೆಳ್ಳಗಾದ ಕಾಯಿ. ಯಾರ ಬುಟ್ಟಿಯಿಂದ ಬಂತು ಅಂತ ಸಾವಕಾರ್ರು ಹುಡುಕಾಕ ನಿಂತ್ರು. ಆಪಾನ ಕಣ್ಣಿನ ಸುದ್ದಿ ಹೊರಗ ಬಿತ್ತು. "ನಾಳೆಯಿಂದ ಬರಬ್ಯಾಡವಾ" ಅಂದ್ರು. ಅಷ್ಟ. ಕಾಗದಿಲ್ಲ, ಪತ್ರಿಲ್ಲ.

ಮರುದಿನ ಆಪಾ ಗ್ವಾಡಿ ಹಿಡಕೊಂಡು ನಮ್ಮ ಮನಿಗೆ ಬಂದ್ಲು. "ಅವ್ವಾ, ನಿಮ್ಮ ಮೊಮ್ಮಗಳು ವಕೀಲಿ ಮಾಡ್ತಾಳಲ್ಲ, ನನ್ನಂಥವರದ್ದು ನೋಡ್ತಾಳೇನು?"

"ನಿನ್ನಂಥವರದ್ದ ನೋಡ್ತಾಳವಾ. ಬ್ಯಾರೇದು ನೋಡಂದ್ರ ನೋಡೂದಿಲ್ಲ ನೋಡು!" ಅಂದೆ.

ನನ್ನ ಮೊಮ್ಮಗಳಿಗೆ ಹುಟ್ಟಿದಾಗಿಂದ ಎಡಗಾಲಿನಾಗ ಬಲ ಇಲ್ಲ. ಕಬ್ಬಿಣದ ಪಟ್ಟಿಯ ಬೂಟು ಹಾಕೊಂಡು, ಬಗಲಾಗ ಕೋಲು ಹಿಡಕೊಂಡು ನಡೀತಾಳ. ಸಣ್ಣಾಕಿದ್ದಾಗ ಸಾಲಿಗೆ ಹೆಸರು ಹಚ್ಚಾಕ ಹೋದ್ರ ಹೆಡ್ ಮಾಸ್ತರ್ರು, "ಕೂಸು ತಾನಾ ನಿಂದ್ರತೈತೇನು, ತೋರಸ್ರಿ" ಅಂದ್ರು. ನಾನು ಹಿಂದ ನಿಂತು, ಸೆರಗಿನ ಮರೆಯಾಗ ಆಕಿಯ ಲಂಗದ ಪಟ್ಟಿ ಗಟ್ಟಿ ಹಿಡಕೊಂಡು ನಿಲ್ಲಿಸಿದ್ದೆ. ಹೆಸರು ಹಚ್ಚಿಕೊಂಡ್ರು. ಆ ಗುಟ್ಟು ನನ್ನ ಹೊಟ್ಟಿಯೊಳಗ ಉಳೀತು. ಅದು ಮುಂದ ನನಗ ಮುಳುವಾತು.

ರಾಣೆಬೆನ್ನೂರಿನಾಗ ಆಕಿಯ ಆಫೀಸು ಒಂದು ಹಿಟ್ಟಿನ ಗಿರಣಿಯ ಮಗ್ಗಲಕ್ಕ ಐತಿ. ಗಿರಣಿ ತಿರುಗೂವಾಗ ಮಾತು ಕೇಳಸೂದಿಲ್ಲ. ಆದ್ರೂ ಆ ಖೋಲಿನೇ ಬೇಕಂತ ಹಿಡಿದಾಳ, ಬಾಗಿಲಿಗೆ ಮೆಟ್ಟಿಲಿಲ್ಲಂತ. ನಾವು ಹೋದಾಗ ಗಾಲಿ ಕುರ್ಚಿಯಾಗ ಒಬ್ಬಾತ, ಕಿವಿ ಕೇಳದ ಒಬ್ಬಾಕಿ, ಅವರವರ ಕಾಗದ ಹಿಡಕೊಂಡು ಪಾಳಿ ಹಚ್ಚಿದ್ರು. ನಾನು ಅಜ್ಜಿ ಅಂತ ಹೇಳಿ ಮುಂದ ಹೋಗಾಕ ನೋಡಿದೆ. "ಪಾಳಿ ಐತಿ ಅಜ್ಜಿ, ಕುಂದ್ರು" ಅಂದ್ಲು ಒಳಗಿಂದ.

ನಮ್ಮ ಪಾಳಿ ಬಂದ ಕೂಡ್ಲೆ ಆಪಾ ಅಳಾಕ ಹತ್ತಿದ್ಲು. "ಸಾವಕಾರ್ರಿಗೆ ಒಂದು ಮಾತು ಹೇಳ್ರಿ ವಕೀಲರ, ನನ್ನ ಮ್ಯಾಲೆ ಸ್ವಲ್ಪ ದಯಾ ತೋರಸ್ಲಿ."

"ದಯಾ ಕೇಳೂದಿದ್ರ ನಾ ಯಾಕ ಬೇಕು ಆಪಾ? ನಮ್ಮಜ್ಜೀನ ಕಳಿಸಿದ್ರ ಸಾಕು, ನನಕಿಂತ ಚೊಲೋ ಅಳ್ತಾಳ" ಅಂದ್ಲು ಮೊಮ್ಮಗಳು. ಆಪಾ ಅಳೂದು ಬಿಟ್ಟು ನಕ್ಕಳು. ಆಮ್ಯಾಲೆ ಆಕಿ ಪೆನ್ನು ತಗೊಂಡು ಸುರು ಮಾಡಿದ್ಲು. ದಿನಕ್ಕ ಎಷ್ಟು ಬುಟ್ಟಿ, ಬುಟ್ಟಿ ಯಾರು ತಂದು ಕೊಡ್ತಾರ, ಯಾರ ಮಗ್ಗಲಕ್ಕ ಕುಂದ್ರತೀರಿ, ನೀರು ಕುಡಿಯಾಕ ಹೆಂಗ ಹೋಗ್ತೀರಿ. ನನಗ ಬ್ಯಾಸರಾತು. ಇದೆಲ್ಲಾ ಯಾಕ ಕೇಳ್ತಾಳ ಅನಿಸ್ತು.

"ಬಿಳಿಗಾಯಿ ಹೆಂಗ ಗುರುತು ಹಿಡೀತೀರಿ?"

"ಒಳ್ಳೆ ಕಾಯಿ ಚರ್ಮದಂಗ ಹತ್ತತೈತ್ರಿ ಕೈಗೆ, ಸುಕ್ಕು ಸುಕ್ಕು. ಬಿಳಿಗಾಯಿ ಕಾಗದದಂಗ. ಹಸಿ ಇದ್ದದ್ದು ತಣ್ಣಗಿರತೈತಿ, ಕಿವಿ ಹತ್ರ ಅಲುಗಾಡಿಸಿದ್ರ ಬೀಜ ಮಾತಾಡೂದಿಲ್ಲ."

"ಅರ್ಧ ಕೆಂಪು, ಅರ್ಧ ಬಿಳಿ ಇದ್ರ?"

"ಅದು ಗೊತ್ತಾಗೂದಿಲ್ರಿ, ಖರೇ ಹೇಳ್ತೇನಿ."

ಮೊಮ್ಮಗಳು ಅದನ್ನೂ ಬರಕೊಂಡ್ಲು. ನನಗ ಸಿಟ್ಟು ಬಂತು. "ಅದನ್ಯಾಕ ಬರೀತಿ? ಬಿಟ್ಟ ಬಿಡು!"

"ನಾ ಬರೀದಿದ್ರ ಅವರ ವಕೀಲ ಬರಕೋತಾನ ಅಜ್ಜಿ. ನಮ್ಮ ಬಾಯಿಂದ ಬಂದ್ರ ಅದಕ್ಕ ಒಂದು ದಾರಿ ಕೇಳಾಕ ಬರತೈತಿ. ಕೆಲಸಗಾರರಿಗೆ ಒಂದು ಊನ ಇದ್ರ, ತೆಗೆದು ಹಾಕೂಕಿಂತ ಮೊದ್ಲ ಕೆಲಸ ಮಾಡೂ ರೀತಿಯೊಳಗ ಏನರ ಸಣ್ಣ ಬದಲು ಮಾಡಾಕ ಆಗತೈತೇನು ನೋಡಬೇಕಂತ ಕಾಯ್ದೆ ಐತಿ." ನಾನು ಹೂಂ ಹೂಂ ಅಂದೆ. ಗಿರಣಿ ಜೋರಾಗಿ ತಿರುಗಾಕ ಹತ್ತಿತ್ತು, ನನ್ನ ಮನಸ್ಸು ಅರ್ಧ ಬಿಳಿಗಾಯಿ ಮ್ಯಾಲಿತ್ತು.

ಮೊದಲನೇ ತೊಡಕು ಅಲ್ಲೇ ಬಂತು. ಆಪಾ ಆ ಶೆಡ್ಡಿನಾಗ ಕೆಲಸ ಮಾಡ್ತಿದ್ಲು ಅನ್ನಾಕ ಒಂದು ಕಾಗದ ಇಲ್ಲ. ಹಾಜರಿ ಪುಸ್ತಕದಾಗ ಹೆಸರಿಲ್ಲ. ಮೊಮ್ಮಗಳು ಪೆನ್ನು ಮುಚ್ಚಿ ಗಲ್ಲಕ್ಕ ಕೈ ಹಚ್ಚಿ ಕುಂತ್ಲು. ಆಗ ನನಗ ನೆಪ್ಪಾತು. "ಆಪಾ, ತೂಕದ ಚೀಟಿ ಏನ ಮಾಡಿದಿ?" ದಿನಾ ಸಂಜೀಕ ಬುಟ್ಟಿ ತೂಗಿದ ಮ್ಯಾಲೆ ನಮ್ಮ ಕೆಲಸ ನೋಡಿಕೊಳ್ಳೂ ಮುಕಾದಮ ಒಂದು ಚೀಟಿ ಕೊಡ್ತಾನ, ನಾವು ವಾರದ ಕಡೀಕ ಹರಿದು ಒಗೀತೇವಿ. ಆಪಾ ಒಗೆದಿರಲಿಲ್ಲ. ಕಣ್ಣು ಮಬ್ಬಾದಾಗಿಂದ ಯಾವ ಚೀಟಿ ಬೇಕಾದದ್ದು ಯಾವದು ಬ್ಯಾಡಾದದ್ದು ತಿಳೀದೆ ಎಲ್ಲಾ ಅಕ್ಕಿ ಡಬ್ಬಿಯೊಳಗ ತುರುಕಿದ್ಲು! ಆ ಡಬ್ಬಿ ತಂದು ನಮ್ಮ ಪಡಸಾಲಿಯೊಳಗ ಸುರುವಿಕೊಂಡು, ನಾನು ಒಂದೊಂದ ಬಿಡಿಸಿ ತಾರೀಖು ಓದಿದೆ, ಮೊಮ್ಮಗಳು ಸಾಲಾಗಿ ಹಾಳಿಗೆ ಅಂಟಿಸಿದ್ಲು. ಅಕ್ಷರ ನನಗ ತಡಾ ಆಗ್ತಾವ, ಅಂಕಿ ಮಾತ್ರ ಬರೋಬ್ಬರಿ ಬರ್ತಾವ. ಮೂರು ರವಿವಾರ ಹಿಡೀತು. ಮೂರನೇ ಇಯತ್ತೆ ಅವತ್ತು ಸಾರ್ಥಕಾತು ಅನಿಸ್ತು.

ಅರ್ಜಿ ಹೋತು. ಅಂಗವಿಕಲರ ತಕರಾರು ಕೇಳಾಕ ಬೆಂಗಳೂರಿನಿಂದ ಒಬ್ಬ ಸಾಹೇಬರು ಜಿಲ್ಲಾ ಜಿಲ್ಲಾ ತಿರುಗ್ತಾರಂತ, ಅವರು ಹಾವೇರಿಗೆ ಬರೂ ದಿನ ನೀವೂ ಬರ್ರಿ ಅಂತ ನಮಗ ನೋಟೀಸು ಬಂತು. ಹೋದ್ರ, ಮೀಟಿಂಗು ಮಾಳಗಿ ಮ್ಯಾಲೆ. ಮೆಟ್ಟಿಲ ಹತ್ತೂದು ಮೊಮ್ಮಗಳಿಗೆ ಆಗತೈತಿ, ತಡಾ ಆಗತೈತಿ, ನೋವಾಗತೈತಿ, ಆದ್ರ ಆಗತೈತಿ. ನಾನು ಬಗಲಿಗೆ ಕೈ ಕೊಡಾಕ ಹೋದೆ. ಆಕಿ ಕೆಳಗ ಕಟ್ಟಿ ಮ್ಯಾಲೆ ಕುಂತಬಿಟ್ಲು.

"ಯಾಕವಾ? ಹೊತ್ತಾಗತೈತಿ."

"ನಾ ಹತ್ತಿದ್ರ, ನಾಳೆ ಗಾಲಿ ಕುರ್ಚಿಯವರು ಬಂದಾಗ 'ವಕೀಲರ ಹತ್ತಿದ್ರಲ್ಲ' ಅಂತಾರ ಅಜ್ಜಿ." ಒಂದು ಚೀಟಿ ಬರದು ಮ್ಯಾಲೆ ಕಳಿಸಿದ್ಲು. ಅರ್ಧ ತಾಸು ಕುಂತ್ವಿ. ನನ್ನ ಜೀವ ಬಾಯಿಗೆ ಬಂದಿತ್ತು, ಸಾಹೇಬರಿಗೆ ಸಿಟ್ಟು ಬಂದ್ರ ಆಪಾನ ಗತಿ ಏನಂತ. ಸಾಹೇಬರು ತಾವಾ ಕೆಳಗ ಇಳದು ಬಂದ್ರು! ಮೇಜು ಕುರ್ಚಿನೂ ಇಳದು ಬಂದ್ವು. ಅವತ್ತಿನ ಎಲ್ಲಾ ತಕರಾರು ಕೆಳಗಿನ ಪಡಸಾಲಿಯೊಳಗ ಆದ್ವು.

ಸಾವಕಾರ್ರ ವಕೀಲರು ಶಾಣ್ಯಾ ಮನಷ್ಯಾ. ತೂಕದ ಚೀಟಿ ನೋಡಿ, ಕೆಲಸ ಮಾಡ್ತಿದ್ಲು ಅನ್ನೂದಕ್ಕ ಬಾಯಿ ಹಾಕಲಿಲ್ಲ. "ಸಾಹೇಬ್ರ, ಮೆಣಸಿನಕಾಯಿ ವ್ಯಾಪಾರ ಅಂದ್ರ ಬಣ್ಣದ ವ್ಯಾಪಾರ. ಬಣ್ಣ ಕಾಣದಾಕಿ ಬುಟ್ಟಿಯೊಳಗ ಏನ ಹಾಕ್ಯಾಳು? ನಮ್ಮ ಸಾವಕಾರ್ರಿಗೆ ಆಕಿ ಮ್ಯಾಲೆ ಸಿಟ್ಟಿಲ್ಲ, ಮಾಲಿನ ಚಿಂತಿ" ಅಂದ್ರು.

"ಹಾಗಾದರೆ ನೋಡೇಬಿಡೋಣ. ಮುಂದಿನ ಸಲ ನಾನು ಬಂದಾಗ ಒಂದು ಚೀಲ ಮಾಮೂಲು ಮಾಲು ತನ್ನಿ. ಇವರ ಜೊತೆ ಕೆಲಸ ಗೊತ್ತಿರೋ ಇನ್ನೂ ನಾಲ್ಕು ಜನ ಹೆಂಗಸರು ಕೂತುಕೊಳ್ಳಲಿ" ಅಂದ್ರು ಸಾಹೇಬರು. ಚೀಲ ತರೂ ಜವಾಬ್ದಾರಿ ಅರ್ಜಿದಾರರದ್ದು. ಪರಿಣತ ಸಾಕ್ಷಿ ಅಂತ ನನ್ನನ್ನ ನಿಲ್ಲಿಸಿದ್ದು ಆಗನಾ. ಒಂದು ಮುಚ್ಚಳಿಕಿ ಬರಸಿದ್ರು: ನಾನು ಇಷ್ಟು ವರ್ಷ ಈ ಕೆಲಸ ಮಾಡೀನಿ, ಪ್ಯಾಟಿಯೊಳಗ ಸಿಕ್ಕ ಚೀಲ ಸಿಕ್ಕಂಗ ತರ್ತೇನಿ. ಮೊಮ್ಮಗಳು ನಿಧಾನಕ್ಕ ಓದಿ ಹೇಳಿದ್ಲು. ನಾನು ಹೆಬ್ಬಟ್ಟು ಒತ್ತಲಿಲ್ಲ, ಐದು ಅಕ್ಷರದ ನನ್ನ ಹೆಸರು ಪೂರಾ ಬರದೆ.

"ಅಜ್ಜಿ, ಚೀಲಕ್ಕ ಕೈ ಹಚ್ಚಬ್ಯಾಡ" ಅಂದ್ಲು ಬಸ್ಸು ಹತ್ತಿಸೂವಾಗ.

ಹಚ್ಚಿದೆ.

ದಲಾಲಿ ಅಂಗಡಿಯಿಂದ ಚೀಲ ಮನಿಗೆ ಬಂತು. ಮೂಸಿ ನೋಡಿದೆ. ಸಾಧಾರಣ ಮಾಲು, ಬಿಳಿಗಾಯಿ ಭಾಳ. ಅರ್ಧ ಬಿಳಿ ಇದ್ದದ್ದಂತೂ ಕೈ ಹಾಕಿದಲ್ಲೆಲ್ಲಾ. ಆಪಾ ತಪ್ಪು ಮಾಡೇ ಮಾಡ್ತಾಳ, ಆ ಶಾಣ್ಯಾ ವಕೀಲ ಎತ್ತಿ ತೋರಸೇ ತೋರಸ್ತಾನ. ನನ್ನ ಕೈ ತಾನಾ ದಬ್ಬಣಕ್ಕ ಹೋತು. ಚೀಲದ ಹೊಲಿಗಿ ಬಿಚ್ಚಿದೆ. ಮಾಳಗಿ ಮ್ಯಾಲೆ ತಟ್ಟು ಹಾಸಿ ಸುರುವಿದೆ. ಬಿಸಲಾಗ ಮೂಗಿಗೆ ಸೆರಗು ಕಟ್ಟಿಕೊಂಡು ಎರಡು ದಿನ ಕುಂತೆ. ಬಿಳಿದು ತೆಗೆದೆ, ಅರ್ಧ ಬಿಳಿದು ತೆಗೆದೆ, ಹಸಿದು ತೆಗೆದೆ. ತೆಗೆದದ್ದು ಎರಡು ಬುಟ್ಟಿ ಆತು. ಅಷ್ಟು ತೂಕದ ಒಳ್ಳೆ ಕಾಯಿ ತುಂಬಿ, ಹಮಾಲರು ಹೊಲೀತಾರಲ್ಲ ಹಂಗ, ಅದೇ ಗಂಟು, ಅದೇ ಹುರಿ, ಹೊಲದೆ. ಪಾಪ ಮಾಡಾಕ ಹತ್ತೇನಿ ಅನಿಸಲಿಲ್ಲ. ಕೂಸಿನ ಲಂಗದ ಪಟ್ಟಿ ಹಿಡದಂಗ ಅನಿಸ್ತು.

ಸಾಹೇಬರು ತಿರುಗಿ ಬಂದ ದಿನ ಟಾಟಾ ಏಸಿನ್ಯಾಗ ಚೀಲ ಹೇರಿಕೊಂಡು ಹಾವೇರಿಗೆ ಹೋದ್ವಿ. ಸಾವಕಾರ್ರು, ಅವರ ವಕೀಲರು, ಮುಕಾದಮ, ಶೆಡ್ಡಿನ ನಾಕು ಹೆಣ್ಮಕ್ಕಳು, ನಾವು ಮೂರು ಮಂದಿ. ಪಡಸಾಲಿಯೊಳಗ ಚೀಲ ಬಿಚ್ಚಿ ಐದು ಬುಟ್ಟಿಗೆ ಸುರುವಿದ್ವಿ ನೋಡ್ರಿ, ಒಂದು ಕ್ಷಣಕ್ಕ ಘಾಟು ಎದ್ದು ಎಲ್ಲಾರಿಗೂ ಹಿಡೀತು! ಬರಕೊಳ್ಳೂ ಗುಮಾಸ್ತ ಸೀನಿದಾಂವ ಸೀನಿದಾಂವನ. ಸಾಹೇಬರ ಕಣ್ಣು ಮೂಗು ಎರಡೂ ಹರಿಯಾಕ ಹತ್ತಿದ್ವು. ಬ್ಯಾರೆ ಕೆಲಸಕ್ಕ ಬಂದ ಮಂದಿ ಕೆಮ್ಮಿಕೋತ ಬಯ್ಕೋತ ಅಂಗಳಕ್ಕ ಓಡಿದ್ರು. ನಮ್ಮ ಹೆಣ್ಮಕ್ಕಳು ಮಾತ್ರ ಆರಾಮ ಕುಂತಿದ್ರು. ಒಬ್ಬಾಕಿ, "ಸಾಹೇಬ್ರ, ಬೆಲ್ಲ ತಿನ್ರಿ, ಕಡಿಮಿ ಆಗತೈತಿ" ಅಂತ ಸೊಂಟದ ಚೀಲದಿಂದ ಬೆಲ್ಲ ತೆಗೆದು ಕೊಟ್ಲು. ಸಾಹೇಬರು ತಿಂದ್ರು. ಎಲ್ಲಾರೂ ಬುಟ್ಟಿ ಹೊತಗೊಂಡು ಹೊರಗ ಬೇವಿನ ಗಿಡದ ಕೆಳಗ ಕುಂತ್ವಿ.

ಗಡಿಯಾರ ನೋಡಿ ಸುರು ಮಾಡ್ರಿ ಅಂದ್ರು. ಐದು ಜೋಡಿ ಕೈ ಆಡಾಕ ಹತ್ತಿದ್ವು. ತುಂಬು ಮುರಿಯೂ ಟಿಕ್ ಟಿಕ್ ಸಪ್ಪಳ, ನನಗ ಅದು ದೇವರ ಮನಿ ಗಂಟಿ ಇದ್ದಂಗ. ಆಪಾ ಹತ್ತು ಹಿಡಿ ಮಾಡಿರಬೇಕು. ಕೈ ನಿಲ್ಲಿಸಿದ್ಲು. ಬುಟ್ಟಿಯ ತಳದ ತನಕ ಕೈ ಇಳಿಸಿದ್ಲು. ಇನ್ನೊಂದು ಹಿಡಿ ತೆಗೆದು ಬೆರಳಿನಾಗ ತಿರುವಿದ್ಲು.

"ಸಾಹೇಬ್ರ, ಇದು ಪ್ಯಾಟಿ ಮಾಲಲ್ರಿ. ಇದಕ್ಕ ಯಾರೋ ಕೈ ಹಚ್ಚ್ಯಾರ."



"ಏನ ಹೇಳಾಕ ಹತ್ತೀದಿ ಆಪಾ, ಸುಮ್ಮನ ಬಿಡಿಸು" ಅಂತ ಮಗ್ಗಲಾಕಿ ಪಿಸುಗುಟ್ಟಿದ್ಲು. ಆಮ್ಯಾಲೆ ತಿಳೀತು, ಆ ನಾಕೂ ಮಂದಿಗೂ ಮೊದಲನೇ ಹಿಡಿಗೇ ಗೊತ್ತಾಗಿತ್ತಂತ. ಆಪಾನ ಸಲುವಾಗಿ ಬಾಯಿ ಮುಚ್ಚಿಕೊಂಡು ಕುಂತಿದ್ರು.

ಆಪಾ ದನಿ ಏರಿಸಲಿಲ್ಲ. "ಇದರಾಗ ಒಂದೂ ಬಿಳಿಗಾಯಿ ಇಲ್ಲ, ಒಂದೂ ಹಸಿಗಾಯಿ ಇಲ್ಲ. ಇಂಥಾ ಚೀಲ ನಾ ಜಲ್ಮದಾಗ ಮುಟ್ಟಿಲ್ಲ. ಇದರ ಮ್ಯಾಲೆ ನನ್ನ ಗೆಲ್ಲಿಸಿದ್ರ, ನಾಳೆ ಶೆಡ್ಡಿನಾಗ ಖರೇ ಚೀಲ ಬಂದಾಗ ನಾ ಏನ ಮಾಡ್ಲಿ?"

ಸಾವಕಾರ್ರ ವಕೀಲರು ಎದ್ದು ನಿಂತ್ರು. "ಸಾಹೇಬ್ರ, ಸಾಕ್ಷಿನ ಸುಳ್ಳಾತು. ಮುಚ್ಚಳಿಕಿ ಬರದು ಕೊಟ್ಟು ಹಿಂಗ ಮಾಡ್ಯಾರ. ಅರ್ಜಿ ವಜಾ ಮಾಡ್ರಿ."

ಮೊಮ್ಮಗಳು ನನ್ನ ಕಡೆ ತಿರುಗಿದ್ಲು. ವಿಚಾರಣಿಯೊಳಗ ಆಕಿ ನನಗ ಯಾವತ್ತೂ ಸಾಕ್ಷಿದಾರರು ಅಂತಿದ್ಲು. ಅವತ್ತು ಹಂಗ ಅನ್ನಲಿಲ್ಲ.

"ಅಜ್ಜಿ, ಚೀಲಕ್ಕ ಕೈ ಹಚ್ಚೀಯೇನು?"

ಇಲ್ಲ ಅನ್ನಾಕ ನಾಲಿಗಿ ಎದ್ದಿತ್ತು. ದಲಾಲಿ ಅಂಗಡಿಯವರ ಮ್ಯಾಲೆ ಹಾಕಬಹುದಿತ್ತು. ಆಪಾ ಕಣ್ಣಿಲ್ಲದ ಮುಖ ನನ್ನ ಕಡೇನ ಮಾಡಿ ಕುಂತಿದ್ಲು. ನನ್ನ ಉಸುರಿನ ಸಪ್ಪಳದಿಂದನ ಆಕಿಗೆ ತಿಳದಿತ್ತು ಅನಿಸ್ತೈತಿ.

"ಹಚ್ಚೀನಿ" ಅಂದೆ. "ಎರಡು ದಿನ ಕುಂತು ಬಿಳಿಗಾಯಿ ತೆಗೆದೇನಿ. ಆಪಾಗ ಗೊತ್ತಿಲ್ಲ, ವಕೀಲರಿಗೂ ಗೊತ್ತಿಲ್ಲ. ನನ್ನ ಬೇಕಾದ್ದು ಮಾಡ್ರಿ."

ಮೊಮ್ಮಗಳು ಕೋಲಿನ ಮ್ಯಾಲೆ ಭಾರ ಹಾಕಿ ಸಾಹೇಬರ ಕಡೆ ತಿರುಗಿದ್ಲು. ನನಗ ಗೊತ್ತು, ಆಕಿ ಮುಂದ ಎರಡು ದಾರಿ ಇದ್ವು. ದಿನ ಮುಂದ ಹಾಕ್ರಿ ಅಂತ ಕೇಳಬಹುದಿತ್ತು, ಬ್ಯಾರೆ ಚೀಲ ನಾವ ತರಬಹುದಿತ್ತು. ಆಕಿ ಹಂಗ ಮಾಡಲಿಲ್ಲ.

"ತಪ್ಪು ನಮ್ಮ ಕಡೆಯದ. ಈ ಸಾಕ್ಷಿ ಹೇಳಿಕಿ ನಾವು ಹಿಂದಕ್ಕ ತಗೊಂಡ್ವಿ, ಈ ಪರೀಕ್ಷಾನೂ ಬ್ಯಾಡ. ಚೀಲ ಎದುರಿನವರ ತರಲಿ. ಅವರ ಶೆಡ್ಡಿನಾಗ, ಅವರ ಆರಿಸಿದ ಚೀಲ, ಇವತ್ತನ. ನನ್ನ ಕಕ್ಷಿದಾರರು ಆವಾಗ್ಲೆ ನಿಮ್ಮ ಮುಂದ ತಮ್ಮ ಕೈ ಎಂಥಾದ್ದು ತೋರಸ್ಯಾರ. ನಾಕು ಮಂದಿ ಕಣ್ಣಿದ್ದವರು ಹೇಳದ ಇದ್ದದ್ದನ್ನ ಅವರು ಹೇಳ್ಯಾರ."

ಸಾಹೇಬರು ಬೆಲ್ಲ ಚೀಪಿಕೋತ ಆಪಾನ ಕಡೆ ತಿರುಗಿದ್ರು. "ಏನಮ್ಮ, ಒಪ್ಪಿಗೆನಾ?" ಅಂತ ಆಪಾನ್ನ ಕೇಳಿದ್ರು.

"ಅವರ ಶೆಡ್ಡಿನ ಚೀಲ ನನಗ ಗೊತ್ತಿದ್ದದ್ದ ಐತ್ರಿ" ಅಂದ್ಲು ಆಪಾ.

ಸಂಜೀಕ ಸಾಹೇಬರು ರೈಲು ಹಿಡೀಬೇಕಿತ್ತು. ಊಟ ಮಾಡದನ ಬ್ಯಾಡಗಿಗೆ ಹೊಂಟ್ರು. ನಮ್ಮ ಗಾಡಿಯಾಗ ಮೊಮ್ಮಗಳು ಮುಂದ ಕುಂತಿದ್ಲು, ನಾನೂ ಆಪಾನೂ ಹಿಂದ ಖಾಲಿ ಬುಟ್ಟಿಗೋಳ ಜೋಡಿ. ಹೆದ್ದಾರಿಯುದ್ದಕ್ಕೂ ಮೊಮ್ಮಗಳು ಒಂದು ಮಾತು ಆಡಲಿಲ್ಲ. ಆಕಿ ಬೈದಿದ್ರ ಹಗುರಾಗ್ತಿತ್ತು. ನನ್ನ ಮುದಿ ಬುದ್ಧಿಗೆ ಒಬ್ಬಾಕಿ ಅನ್ನ ಹೋತು, ಇನ್ನೊಬ್ಬಾಕಿ ಹೆಸರು ಹೋತು ಅಂತ ದಾರಿ ತುಂಬ ಸೆರಗಿನಾಗ ಮುಖ ಮುಚ್ಚಿಕೊಂಡಿದ್ದೆ. ಆಪಾನ ಕೈ ನನ್ನ ಮೊಣಕಾಲ ಮ್ಯಾಲೆ ಇತ್ತು. ತೆಗೀಲಿಲ್ಲ ಆಕಿ.

ಸಾವಕಾರ್ರು ಥಂಡಿ ಗೋದಾಮಿನಿಂದ ಬಂದ ಒಂದು ಚೀಲ ಎಳಸಿದ್ರು. ಬಾಯಿ ಬಿಚ್ಚಿದ ಕೂಡ್ಲೆ ನನ್ನ ಮೂಗು ಹೇಳ್ತು: ಕೆಟ್ಟದ್ದು. ಒಣದು, ಹಸಿದು, ಬಿಳಿದು ಎಲ್ಲಾ ಬೆರಕಿ. ಐದು ಬುಟ್ಟಿ ತುಂಬಿದ್ರು. ಅರ್ಧ ತಾಸು ಅಂದ್ರು. ನಾನು ಬಾಗಿಲ ಹೊರಗ ನಿಂತೆ, ಕೈ ಎರಡೂ ಬೆನ್ನ ಹಿಂದ ಕಟ್ಟಿಕೊಂಡು.

ಅರ್ಧ ತಾಸಿಗೆ ತೂಗಿದ್ರು. ಐದು ಮಂದಿಯೊಳಗ ಆಪಾ ನಾಕನೇದಾಕಿ. ನನ್ನ ಮಾರಿ ಸಣ್ಣದಾತು. ಮೊಮ್ಮಗಳು ಮಾತ್ರ, "ಮೊದಲನೇದಾಕಿ ಆಗಬೇಕಂತ ಕಾಯ್ದೆಯೊಳಗ ಎಲ್ಲೂ ಬರದಿಲ್ರಿ. ಐದನೇದಾಕೀನೂ ನಿಮ್ಮ ಶೆಡ್ಡಿನಾಗ ಕೆಲಸ ಮಾಡ್ತಾಳಲ್ಲ?" ಅಂದ್ಲು. ಐದನೇದಾಕಿ ನಾಚಿ ಬುಟ್ಟಿ ಹಿಂದ ಮುಖ ಮುಚ್ಚಿಕೊಂಡ್ಲು, ಎಲ್ಲಾರೂ ನಕ್ಕರು.

ಆಪಾನ ಬಾಜೂಕ ಒಂದು ಸಣ್ಣ ಗುಂಪಿ ಬ್ಯಾರೆ ಇತ್ತು. "ಇವು ಒಳಗ ಹಸಿ ಅದಾವ್ರಿ, ಮ್ಯಾಲೆ ಒಣಗೇತಿ ಅಷ್ಟ" ಅಂದ್ಲು. ನೋಡಾಕ ಚಂದ ಕೆಂಪು ಕಾಯಿ. ಸಾಹೇಬರು ಒಂದನ್ನ ಮುರಿದ್ರು. ಒಳಗ ಬೂಷ್ಟು. ಇನ್ನೊಂದು ಮುರಿದ್ರು, ಅದೂ ಹಂಗ. ಉಳಿದ ನಾಕು ಬುಟ್ಟಿಯೊಳಗ ಅಂಥವು ತುಂಬು ಬಿಡಿಸಿಕೊಂಡು ಒಳ್ಳೆ ಕಾಯಿ ಜೋಡಿ ಕುಂತಿದ್ವು. ಸಾವಕಾರ್ರು ಒಂದೊಂದ ಮುರದು ನೋಡಾಕ ಹತ್ತಿದ್ರು.

ಅವರ ವಕೀಲರು ಆಪಾನ ಬುಟ್ಟಿ ತಡವಿ ಏಳು ಅರ್ಧ ಬಿಳಿಗಾಯಿ ಹೊರಗ ತೆಗೆದ್ರು. ತಟ್ಟಿನ ಮ್ಯಾಲೆ ಸಾಲಾಗಿ ಇಟ್ರು. "ಇದಕ್ಕೇನು ಅಂತೀರಿ ಮೇಡಂ?"

"ಅರ್ಜಿಯೊಳಗ ನಾವ ಬರದೇವಲ್ರಿ, ಅರ್ಧ ಬಿಳಿ ಗೊತ್ತಾಗೂದಿಲ್ಲಂತ" ಅಂದ್ಲು ಮೊಮ್ಮಗಳು. ಅಂದು ಮುಕಾದಮನ ಕಡೆ ತಿರುಗಿದ್ಲು. "ಅಣ್ಣಾರ, ಹೋದ ಸುಗ್ಗಿಗಿಂತ ಮೊದ್ಲ ಈ ಶೆಡ್ಡಿನಾಗ ಕೆಲಸ ಹೆಂಗ ನಡೀತಿತ್ತು?"

ಮುಕಾದಮ ಸಾವಕಾರ್ರ ಮುಖ ನೋಡಿದ. ಅವರು ಹೇಳು ಅನ್ನೂವಂಗ ಗೋಣು ಹಾಕಿದ್ರು. "ಮೊದ್ಲ ಬಿಳಿಗಾಯಿ ಆರಿಸೂವರು ಬ್ಯಾರೆ, ತುಂಬು ಬಿಡಿಸೂವರು ಬ್ಯಾರೆ ಇದ್ರು. ಈಗ ಲಗೂ ಆಗಲೆಂತ ಇಬ್ಬರ ಕೆಲಸ ಒಬ್ಬರ ಕೈಗೆ ಕೊಟ್ಟೇವಿ."

"ಹಂಗಿದ್ದಾಗ ಆಪಾನ ಬುಟ್ಟಿ ಯಾವಾಗರ ತಿರುಗಿ ಬಂದಿತ್ತೇನು?"

"ಇಲ್ರಿ."

ಆಗ ಆ ಐದನೇದಾಕಿ ಬುಟ್ಟಿ ಹಿಂದಿನಿಂದ ಮುಖ ತೆಗೆದ್ಲು. "ನನ್ನ ಕೈ ನಿಧಾನ, ಕಣ್ಣು ಚುರುಕು ಅದಾವ್ರಿ ಸಾವಕಾರ್ರ. ನಾ ಬಿಳಿದು ಆರಿಸಿ ಆಪಾನ ಮುಂದ ದಬ್ಬತೇನಿ, ಆಕಿ ತುಂಬು ಬಿಡಿಸಲಿ. ಇಬ್ಬರದ್ದೂ ಕೂಡಿ ತೂಗ್ರಿ."

ಅಲ್ಲೇ ಮಾಡಿಸಿ ನೋಡಿದ್ರು. ಇಬ್ಬರೂ ಎದುರಾಬದರು ಕುಂತ್ರು. ಒಬ್ಬಾಕಿ ನೋಡೂದು, ದಬ್ಬೂದು. ಇನ್ನೊಬ್ಬಾಕಿ ಮುರಿಯೂದು, ಹಾಕೂದು. ಆಪಾನ ಹೆಬ್ಬೆರಳು ಅವತ್ತು ಓಡಿದ್ದು ನೋಡಬೇಕಿತ್ತು! ತೂಗಿದ್ರ ಬ್ಯಾರೆ ಯಾವ ಇಬ್ಬರಿಗೂ ಕಡಿಮಿ ಇರಲಿಲ್ಲ. ಆ ವಕೀಲರು ಎರಡು ಸಲ ತಡವಿದ್ರೂ ಬಿಳಿಗಾಯಿ ಸಿಗಲಿಲ್ಲ.

ಸಾವಕಾರ್ರು ಕೈಯಾಗಿನ ಬೂಷ್ಟಿನ ಕಾಯಿ ಒಗೆದು ಕೈ ಜಾಡಿಸಿದ್ರು. "ನನ್ನ ಮಾಲು ತಿರುಗಿ ಬರಬಾರದು, ಅಷ್ಟ ನನಗ. ಸೋಮವಾರದಿಂದ ಬಾರವಾ" ಅಂದ್ರು. ಅವರ ವಕೀಲರು ಏನೋ ಹೇಳಾಕ ಹೋದ್ರು. "ಬಿಡ್ರಿ ವಕೀಲರ, ಹಸಿಗಾಯಿ ನಿಮಗೂ ಗೊತ್ತಾಗೂದಿಲ್ಲ, ನನಗೂ ಗೊತ್ತಾಗೂದಿಲ್ಲ" ಅಂದ್ರು. ಗುಮಾಸ್ತ ಸೀನಿಕೋತನ ಬರಕೊಂಡ: ಮೊದ್ಲ ಬಣ್ಣ ನೋಡಿ ಕಾಯಿ ಆರಿಸಬೇಕು, ಆಮ್ಯಾಲೆ ಆಪಾನ ಮುಂದ ಇಡಬೇಕು. ಸಾವಕಾರ್ರು ಸಹಿ ಹಾಕಿದ್ರು. ಆಪಾ ಎರಡೂ ಕೈಲೆ ಮುಖ ಮುಚ್ಚಿಕೊಂಡು ಅತ್ಲು, ಆಮ್ಯಾಲೆ "ಯಾ ಅಲ್ಲಾ" ಅಂತ ಚೀರಿದ್ಲು, ಕೈಗೆ ಹತ್ತಿದ ಖಾರ ಕಣ್ಣಿಗೆ ಹೋಗಿತ್ತು! ನಾಕೂ ಮಂದಿ ನೀರು ತರಾಕ ಓಡಿದ್ರು. ಅಳೂದು ಯಾವದು, ಉರಿಯೂದು ಯಾವದು ಯಾರಿಗೂ ತಿಳೀಲಿಲ್ಲ.

ಸಾಹೇಬರು ಹೊಂಟ ಮ್ಯಾಲೆ ಮೊಮ್ಮಗಳು ಒಂದು ಚೀಲದ ಮ್ಯಾಲೆ ಕುಂತು ಬೂಟಿನ ಪಟ್ಟಿ ಸಡಿಲ ಮಾಡಿದ್ಲು. ಹಾವೇರಿ ಬಿಟ್ಟಾಗಿಂದ ಮೊದಲನೇ ಸಲ ನನ್ನ ಜೋಡಿ ಮಾತಾಡಿದ್ಲು.

"ಅಜ್ಜಿ, ನೀ ಮಾಳಗಿ ಮ್ಯಾಲೆ ಎರಡು ದಿನ ಕುಂತು ಏನ ಮಾಡಿದಿ?"

"ಬಿಳಿಗಾಯಿ ತೆಗೆದೆ. ಎಷ್ಟು ಸಲ ಹೇಳಸ್ತಿ?"

"ಈಗ ಸಾಹೇಬ್ರು ಏನ ಬರಸಿದ್ರು?"

"ಬಿಳಿಗಾಯಿ ಮೊದ್ಲ ತೆಗೀಬೇಕು, ಆಮ್ಯಾಲೆ ಆಪಾಗ..."

"ಅದನ್ನ ಕೇಳಾಕಂತನ ಅರ್ಜಿ ಬರದದ್ದು ನಾನು. ನೀ ಕದ್ದು ಮಾಡಿದ್ದನ್ನ ಎಲ್ಲಾರ ಮುಂದ ಕೇಳಿ ತಗೊಳ್ಳಾಕ ಬರತೈತಿ. ಗಿರಣಿ ಸಪ್ಪಳದಾಗ ಬರೇ ಹೂಂ ಅಂದಿ ನೀನು." ಪಟ್ಟಿ ಮತ್ತ ಬಿಗಿ ಮಾಡಿಕೊಂಡು, ನನ್ನ ಮುಖ ನೋಡದನ ಅಂದ್ಲು, "ಸಾಲಿಯೊಳಗ ನನ್ನ ಲಂಗ ಹಿಡಿದದ್ದೂ ನೆಪ್ಪೈತಿ ನನಗ. ಮಾಸ್ತರ್ರು ನಿನ್ನ ಕೈ ನೋಡಿ ನಕ್ಕಿದ್ರು."

ಅಂದು ಕೈ ಚಾಚಿದ್ಲು, ಎಬ್ಬಿಸು ಅನ್ನೂವಂಗ. ಎಲ್ಲಾರೂ ನೋಡೂವಂಗ ಎಬ್ಬಿಸಿದೆ.

ಸೋಮವಾರ ಮುಂಜಾನೆ ನಾನೂ ಶೆಡ್ಡಿಗೆ ಹೋದೆ. ಕೆಲಸಕ್ಕಲ್ಲ, ನೋಡಾಕ. ಆಪಾ ತನ್ನ ಹಳೇ ಜಾಗಾಕ್ಕ ಕುಂತಿದ್ಲು. ಎದುರಿನಾಕಿ ಆರಿಸಿದ ಗುಂಪಿ ಮುಂದ ದಬ್ಬಿದ್ಲು. ಆಪಾ ಕೈ ಹಾಕಿದ್ಲು, ಒಂದು ಹಿಡಿ ತೆಗೆದು ಬೆರಳಿನಾಗ ತಿರುವಿದ್ಲು, ಕೈ ನಿಲ್ಲಿಸಿದ್ಲು.

"ಇದಕ್ಕೂ ಯಾರೋ ಕೈ ಹಚ್ಚ್ಯಾರ ನೋಡ್ರಿ" ಅಂದ್ಲು ಗಟ್ಟಿ ದನಿಲೆ.

ಇಡೀ ಶೆಡ್ಡು ನಕ್ಕಿತು. "ನಾನಾ ಹಚ್ಚೀನಿ ಆಪಾ, ಸಾವಕಾರ್ರು ಸಹಿ ಮಾಡ್ಯಾರ" ಅಂದ್ಲು ಎದುರಿನಾಕಿ.

"ಹಂಗಿದ್ರ ಹಚ್ಚವಾ, ಹಚ್ಚು" ಅಂತ ಆಪಾ ತುಂಬು ಮುರಿಯಾಕ ಸುರು ಮಾಡಿದ್ಲು.